ಬೋರಲು ಹಾಕಿದ ಲೋಟಗಳು

"ಉಸ್ತಾದ್ರೇ, ಹಳೇ ಪದ್ಧತಿ ಕಷ್ಟ ಅಂತ ಒಬ್ಬ ಗೋಳಾಡಿದರೆ ಅದನ್ನ ಬಿಟ್ಟುಬಿಡಬೇಕಾ?"

ಹೀಗೆ ಕೇಳಿದವನು ನಿಂಗರಾಜು. ಉಸ್ತಾದ್ ಪುಟ್ಟಸಿದ್ದಯ್ಯನವರು ಕಾಲು ಮುರಿದುಕೊಂಡು ಮನೆ ಹಿಡಿದ ಮೇಲೆ ಎರಡು ವರ್ಷದಿಂದ ಗರಡಿಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಹೊಸದಾಗಿ ಸೇರಿದವರು ಒಂದೇ ಸಲಕ್ಕೆ ಐನೂರು ಬಸ್ಕಿ ಹೊಡೆಯದೆ ಕುಸ್ತಿಯ ಮಣ್ಣು ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದ್ದ. ಹಿಂದಿನ ದಿನ ಒಬ್ಬ ಹೊಸಬ ಮುನ್ನೂರಕ್ಕೆ ಕುಸಿದು ಬಿದ್ದು, ಅವನನ್ನು ಮನೆಗೆ ಎತ್ತಿಕೊಂಡು ಹೋಗಬೇಕಾಯಿತು. ಇವತ್ತು ಅವನ ಹೆಂಡತಿ ಗರಡಿಯ ಬಾಗಿಲಿಗೆ ಬಂದು ಜಗಳವಾಡಿ ಹೋಗಿದ್ದಳು.

"ಇದು ನಾನು ಹುಟ್ಟಿಸಿದ್ದಲ್ಲ. ಗೋಡೆ ಮೇಲೆ ಪಟ ಇದೆಯಲ್ಲ, ನಿಮ್ಮ ಗುರುಗಳ ಕಾಲದ್ದು. ಮಸುಕಾಗಿದ್ದರೂ ಕಾಣುತ್ತೆ. ಒಬ್ಬ ಬಸ್ಕಿ ಹೊಡೀತಾ ಇದಾನೆ, ಇನ್ನೊಬ್ಬರು ಎದುರಿಗೆ ಕೈಕಟ್ಟಿ ನಿಂತು ಎಣಿಸ್ತಾ ಇದಾರೆ. ಬಿಟ್ಟುಹೋಗಿದ್ದನ್ನ ನಾನು ಮತ್ತೆ ತಂದೆ ಅಷ್ಟೇ. ನಾಳೆ ಬಂದು ಐನೂರು ಪೂರ್ತಿ ಹೊಡೀಲಿ, ಇಲ್ಲ ಗರಡಿ ಬಿಡಲಿ ಅಂತ ಹೇಳಿ ಕಳಿಸಿದೀನಿ. ಸರಿ ತಾನೇ?"

"ಭೇಷ್! ಇಷ್ಟು ಕೇಳೋದಕ್ಕೆ ನಿನಗೆ ಎರಡು ವರ್ಷ ಬೇಕಾಯ್ತು," ಎಂದರು ಉಸ್ತಾದರು. "ಕೂತ್ಕೋ. ಮಧ್ಯೆ ಬಾಯಿ ಹಾಕಬೇಡ."

ಆಮೇಲೆ ಈ ಕತೆ ಹೇಳಿದರು.

ನಾನು ಸೈನ್ಯದಲ್ಲಿದ್ದಾಗ ಒಂದು ಕಾಲೇಜಿನಲ್ಲಿ ಕುಸ್ತಿ ಕಲಿಸುತ್ತಿದ್ದೆ. ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜು. ಅಲ್ಲಿ ಕಲಿಯುವವರಿಗೆ ಕೆಡೆಟ್ ಅನ್ನುತ್ತಾರೆ. ಅಲ್ಲಿ ಎಲ್ಲಕ್ಕೂ ಒಂದು ಪದ್ಧತಿ. ಬೂಟಿನಲ್ಲಿ ಮುಖ ಕಾಣಬೇಕು. ಕಂಬಳಿಯ ಮಡಿಕೆ ಒಂದು ಬೆರಳು ಆಚೀಚೆ ಆಗಬಾರದು. ಹೊಸಬರು ಅಂಗಳದಲ್ಲಿ ನಡೆಯಬಾರದು, ಓಡಬೇಕು. ಯಾಕೆ ಅಂತ ಕೇಳಿದರೆ ಮೊದಲಿನಿಂದಲೂ ಹಾಗೇ ಅನ್ನುತ್ತಿದ್ದರು. ನಾನೂ ಹೂಂ ಅಂದುಕೊಂಡು ಸುಮ್ಮನಿದ್ದೆ. ನನ್ನ ಬುದ್ಧಿಗಿಷ್ಟು!

ಅವುಗಳಲ್ಲಿ ದೊಡ್ಡದು ಹಿರಿಯನ ಲೋಟ. ವರ್ಷಕ್ಕೊಮ್ಮೆ, ಕಾಲೇಜು ಸ್ಥಾಪನೆಯಾದ ದಿನ, ಕೆಡೆಟ್‌ಗಳೆಲ್ಲ ಬೆನ್ನಿಗೆ ಭಾರ ಕಟ್ಟಿಕೊಂಡು ಇಪ್ಪತ್ತು ಮೈಲಿ ನಡೆಯಬೇಕು. ನಡೆದು ಬಂದು ಊಟದ ಮನೆಯಲ್ಲಿ ಮೇಜಿನ ಮುಂದೆ ನಿಲ್ಲಬೇಕು. ಮೇಜಿನ ಮೇಲೆ ಎಲ್ಲರ ಲೋಟವೂ ಬೋರಲು. ಹಿರಿಯ ಕೆಡೆಟ್ ಒಬ್ಬನ ಕೈಯಲ್ಲಿ ಮಾತ್ರ ನೀರು ತುಂಬಿದ ಲೋಟ. ಅವನು ಕುಡಿಯುವ ತನಕ ಉಳಿದವರು ಲೋಟ ಮುಟ್ಟುವ ಹಾಗಿಲ್ಲ.

ಇದಕ್ಕೂ ಒಂದು ಪಟವೇ ಸಾಕ್ಷಿ. ಊಟದ ಮನೆಯ ಗೋಡೆಯ ಮೇಲೆ ಮೊದಲ ತಂಡದ ಚಿತ್ರ ಇತ್ತು. ಒಬ್ಬ ತುಂಬಿದ ಲೋಟ ಹಿಡಿದು ನಿಂತಿದ್ದಾನೆ. ಸುತ್ತ ಕಿರಿಯರು. ಅವರ ಮುಂದೆ ಬೋರಲು ಹಾಕಿದ ಲೋಟಗಳು.

ಮೊದಮೊದಲು ಹಿರಿಯ ಹತ್ತು ಎಣಿಸಿ ಕುಡಿಯುತ್ತಿದ್ದನಂತೆ. ಆಮೇಲೆ ಬಂದವನೊಬ್ಬ ಕಾಲೇಜಿನ ಹಾಡು ಹಾಡಿಸಿ ಕುಡಿದ. ಅವನ ಮೇಲೆ ಬಂದವನು ಹಿಂದಿನ ಹಿರಿಯರ ಹೆಸರೆಲ್ಲ ಹೇಳಿಸಿದ. ಒಬ್ಬರೂ ಕಡಿಮೆ ಮಾಡಲಿಲ್ಲ ನೋಡು. ತಾನು ಪಟ್ಟಿದ್ದಕ್ಕಿಂತ ಒಂದು ಚೂರು ಹೆಚ್ಚಿಗೆ ಪಡಿಸಿದರೇನೇ ಮನುಷ್ಯನಿಗೆ ಸಮಾಧಾನ, ಥೂ!

ನಾನಿದ್ದ ವರ್ಷ ಬಿಸಿಲು ಕೆಂಡದ ಹಾಗಿತ್ತು. ಕೆಡೆಟ್‌ಗಳು ಮಧ್ಯಾಹ್ನ ವಾಪಸ್ಸು ಬಂದರು. ಹಿರಿಯ ಕೆಡೆಟ್ ಲೋಟ ಹಿಡಿದು ನಿಂತ. ಹಾಡಾಯಿತು. ಹೆಸರುಗಳು ಶುರುವಾದವು. ಒಬ್ಬ ಹೊಸಬ ಹೆಸರು ತಪ್ಪಿದ. ಹಿರಿಯ ಮತ್ತೆ ಮೊದಲಿನಿಂದ ಹೇಳಿಸಿದ. ಹೊಸಬನಿಗೆ ನಾಲಿಗೆ ಏಳುತ್ತಿರಲಿಲ್ಲ. ಮೈಯಲ್ಲಿ ಬೆವರೂ ನಿಂತುಹೋಗಿತ್ತು.

"ಸರ್, ಒಂದು ಗುಟುಕು ನೀರು," ಎಂದ.

"ನಾನೂ ಕಾದಿದ್ದೆ, ನೀನೂ ಕಾಯಿ," ಎಂದ ಹಿರಿಯ. "ಪಟ ನೋಡು. ಅವರೇನು ಮನುಷ್ಯರಲ್ಲವಾ?"

ಹೊಸಬ ಕತ್ತೆತ್ತಿ ಪಟ ನೋಡಿದ. ಹಾಗೆ ನೋಡುತ್ತಲೇ ಹಿಂದಕ್ಕೆ ಬಿದ್ದ.

ಬಾಗಿಲಲ್ಲಿದ್ದ ನಾನು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ನಿಂತಿತ್ತು ಕಣೋ. ಹತ್ತೊಂಬತ್ತು ವರ್ಷದ ಹುಡುಗ.

ನಾನು ವಾಪಸ್ಸು ಬಂದು ಸುದ್ದಿ ಹೇಳಿದೆ. ಅದೇ ಹೊತ್ತಿಗೆ ಆ ದಿನದ ಅತಿಥಿಯನ್ನು ಒಳಗೆ ಕರೆದುಕೊಂಡು ಬಂದರು. ಮೊದಲ ತಂಡದಲ್ಲಿ ಬದುಕಿ ಉಳಿದಿದ್ದ ಒಬ್ಬನೇ ಮನುಷ್ಯ, ಕೋಲೂರಿಕೊಂಡು ಬಂದ ಮುದುಕ. ಏನಾಯಿತೆಂದು ಕೇಳಿದ. ಯಾರೋ ಹೇಳಿದರು. ಇನ್ಯಾರೋ ಪಟದ ಕಡೆ ಕೈತೋರಿಸಿ, ಇದು ನಿಮ್ಮ ಕಾಲದ ಪದ್ಧತಿ ಎಂದರು.

ಮುದುಕ ಪಟದ ಹತ್ತಿರ ಹೋಗಿ ನೋಡಿದ. ತಿರುಗಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ ಪಾಪಿಗಳಾ," ಎಂದ. "ಅದು ಬಾವಿ ಬತ್ತಿದ ವರ್ಷ. ಆಳಿಗೆ ಒಂದೇ ಲೋಟ ನೀರು. ಕುಡಿದಾಯಿತು ಅಂತ ತಿಳಿಯಲಿ ಎಂದು ಲೋಟ ಬೋರಲು ಹಾಕುತ್ತಿದ್ದೆವು. ಎಲ್ಲರ ಲೋಟವೂ ಬೋರಲಾದ ಮೇಲೆ ನಮ್ಮ ಹಿರಿಯ ತಾನು ಕುಡಿಯುತ್ತಿದ್ದ. ಯಾರಿಗಾದರೂ ಸಾಲದೇ ಹೋದರೆ ತನ್ನದನ್ನೇ ಕೊಡೋಣ ಅಂತ ಹಿಡಿದುಕೊಂಡು ನಿಂತಿರುತ್ತಿದ್ದ."

ಹಿರಿಯ ಕೆಡೆಟ್‌ನ ಕೈಯಲ್ಲಿ ಲೋಟ ಇನ್ನೂ ತುಂಬಿದ ಹಾಗೇ ಇತ್ತು. ಅವನು ಅದನ್ನು ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಕಡೆಗೆ ನಾನೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದುಕೊಳ್ಳಬೇಕಾಯಿತು.

ಉಸ್ತಾದರು ಕತೆ ನಿಲ್ಲಿಸಿ ಮುಖ ಒರೆಸಿಕೊಂಡರು.

"ಅವರು ಪಟ ತಪ್ಪಾಗಿ ಓದಿದರು ಉಸ್ತಾದ್ರೇ," ಎಂದ ನಿಂಗರಾಜು. "ನಮ್ಮ ಪಟದಲ್ಲಿ ಅಂಥ ಗೊಂದಲ ಏನಿದೆ? ಬಸ್ಕಿ ಹೊಡೀತಾ ಇರೋನು ಹೊಸಬ, ನಿಂತಿರೋರು ಗುರುಗಳು."

ಉಸ್ತಾದರು ಅವನ ಮುಖವನ್ನೇ ನೋಡಿದರು.

"ಬಸ್ಕಿ ಹೊಡೀತಾ ಇರೋರು ನನ್ನ ಗುರುಗಳು ಕಣೋ, ಕೈಕಟ್ಟಿ ನಿಂತು ಎಣಿಸ್ತಾ ಇರೋ ಹೊಸಬ ನಾನು."