ಮುರಿಗೆಪ್ಪ ಬೀಸುವ ಪದ ಹಸನು ಮಾಡಿದ್ದು

ಪೆದ್ದ ಎಂದರೆ ಬುದ್ಧಿ ಇಲ್ಲದವನಲ್ಲ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಗುರಸಿದ್ದವ್ವನಿಗೆ ಅಂಥ ಒಬ್ಬ ಮಗನಿದ್ದ. ಹೆಸರು ಮುರಿಗೆಪ್ಪ, ವಯಸ್ಸು ಮೂವತ್ತು. ಬಾಗಿಲು ನೋಡಿಕೋ ಎಂದರೆ ಬಾಗಿಲನ್ನೇ ನೋಡುತ್ತ ಕೂರುವವನು, ಎಮ್ಮೆ ಒಳಗೆ ಹೊಕ್ಕರೂ ಏಳುವವನಲ್ಲ. ನಿನ್ನ ಬದಲು ಒಂದು ಕಲ್ಲು ಹಡೆದಿದ್ದರೆ ಬಟ್ಟೆ ಒಗೆಯಲಾದರೂ ಬರುತ್ತಿತ್ತು ಎಂದು ಅವಳು ದಿನಕ್ಕೊಮ್ಮೆ ಅನ್ನುತ್ತಿದ್ದಳು.

ಅವನಿಗೆ ತಕ್ಕ ಜೊತೆಯೊಂದು ಸಿಕ್ಕಿತ್ತು, ಹಳೆಯ ಕಂಪ್ಯೂಟರು. ಅದರ ಕರಿ ಪರದೆಯ ಮೇಲೆ ಒಂದು ಸಾಲು ಅಪ್ಪಣೆ ಬರೆದರೆ ಸಾಕು, ನಾಲ್ಕು ಸಾವಿರ ಸಾಲು ಒಂದೇ ಏಟಿಗೆ ಬದಲಾಗುತ್ತಿದ್ದವು. ಅದೂ ಹೇಳಿದಷ್ಟೇ ಮಾಡುವಂಥದ್ದು. ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಗುರಸಿದ್ದವ್ವನಿಗೆ ಓದು ಬಾರದು. ಆದರೆ ಬೀಸುಕಲ್ಲಿನ ಮುಂದೆ ಹಾಡುವ ನಾಲ್ಕು ಸಾವಿರ ಸಾಲಿನ ಬೀಸುವ ಪದ ಬಾಯಲ್ಲಿತ್ತು. ತಾನು ಸತ್ತರೂ ಆ ಪದ ನಾಲ್ಕು ಮಂದಿಯ ಬಾಯಲ್ಲಿ ಇರಬೇಕೆಂಬುದು ಅವಳ ಹಟ. ಅವಳು ಹಾಡಿದಳು, ಮಗ ಕಂಪ್ಯೂಟರಿಗೆ ಇಳಿಸಿದ. ಪುಸ್ತಕ ಮಾಡಲು ಊರಿನ ಸಂಘ ಒಪ್ಪಿತು. ಆದರೆ ನಡುನಡುವೆ ಖಾಲಿ ಸಾಲು ಬಹಳ, ಹಸನು ಮಾಡದೆ ಅಚ್ಚಿಗೆ ಕೊಡಲಾರೆ ಎಂದರು ಕಾರ್ಯದರ್ಶಿ ಪಂಚಾಕ್ಷರಿ ಮಾಸ್ತರು.

ಖಾಲಿ ಇದ್ದದ್ದನ್ನೆಲ್ಲ ತೆಗೆ ಎಂದಳು ಅವ್ವ. ಮುರಿಗೆಪ್ಪ ಒಂದು ಸಾಲು ಅಪ್ಪಣೆ ಬರೆದ. ಮಾತು ಮಾತಿನ ನಡುವಿನ ಜಾಗವೂ ಹೋಗಿ ಇಡೀ ಪುಸ್ತಕ ಒಂದೇ ಉದ್ದದ ಹಗ್ಗವಾಯಿತು. ಓದಿ ತೋರಿಸಲು ಹೋಗಿ ಅವನಿಗೇ ಉಸಿರು ಕಟ್ಟಿತು.

ಎರಡು ತಿಂಗಳು ಅವಳು ಮತ್ತೆ ಹಾಡಿದಳು, ಅವನು ಮತ್ತೆ ಇಳಿಸಿದ. ಇನ್ನು ಮೇಲೆ ಎಲ್ಲದಕ್ಕೂ ಒಂದೊಂದು ನಕಲು ಇಡು ಎಂದು ಬೈದಳು. ಇಟ್ಟ. ಪ್ರತಿ ಸಾಲಿನ ಕೆಳಗೂ ಅದರದೇ ನಕಲು ಇಟ್ಟ. ಮಾಸ್ತರು ತಲೆ ಚಚ್ಚಿಕೊಂಡರು.

ಒಮ್ಮೆ ಬಂದದ್ದು ಮತ್ತೊಮ್ಮೆ ಬರಬಾರದು ಎಂದು ಅವ್ವ ಗದರಿದಳು. ಮುರಿಗೆಪ್ಪ ಮತ್ತೊಂದು ಅಪ್ಪಣೆ ಬರೆದ, ಮತ್ತೊಮ್ಮೆ ಬಂದದ್ದೆಲ್ಲ ಹೋಯಿತು. ‘ಬೀಸೇನ ನನ್ನವ್ವ ಬೀಸೇನ’ ಎಂಬ ಪಲ್ಲವಿ ಮುನ್ನೂರು ಕಡೆ ಇತ್ತಲ್ಲ, ಇಡೀ ಪುಸ್ತಕಕ್ಕೆ ಒಂದೇ ಉಳಿಯಿತು.

“ನೀ ತೆಗದದ್ದ ನನ್ನ ಪದದ ಜೀವ ಐತೋ. ಇನ್ನ ಏನ ತೆಗದ್ರೂ, ತೆಗದದ್ದನ್ನ ಜ್ವಾಕಿಯಿಂದ ಉಳಿಸು,” ಎಂದಳು.

ಮೂರನೆಯ ಸಲವೂ ಕೂತು ಪಲ್ಲವಿಯನ್ನೆಲ್ಲ ಸರಿಮಾಡಿದ್ದಾಯಿತು. ಆಗ ಮಾಸ್ತರು ಮೆಲ್ಲಗೆ ನಿಜವಾದ ಮಾತು ತೆಗೆದರು. ಪುಸ್ತಕದ ಕಾಗದದ ಖರ್ಚು ಸಾಹುಕಾರ ವೀರಬಸಪ್ಪನವರದು, ಬಿಡುಗಡೆಯೂ ಅವರ ಕೈಯಿಂದಲೇ. ಸಾಹುಕಾರ ಎಂದು ಬರುವ ಸಾಲೆಲ್ಲ ಹೋಗಬೇಕು.

“ಹಾಡಿದಾಕಿ ನಾ, ಬೀಸಿದಾಕಿ ನಾ,” ಎಂದಳು ಗುರಸಿದ್ದವ್ವ. “ಬಿಟ್ಟಿ ಬೀಸಿಸಿಕೊಂಡಾವನ ಹೆಸರು ಯಾಕ ಹೋಗಬೇಕು? ಹೋಗೂದಿಲ್ಲ.”

ಹಾಗಾದರೆ ಪುಸ್ತಕವೂ ಇಲ್ಲ ಎಂದರು ಮಾಸ್ತರು. ಅವಳು ಸೆರಗು ಕೊಡವಿ ಒಳಗೆ ಹೋದಳು. ಮಾಸ್ತರು ಮುರಿಗೆಪ್ಪನನ್ನು ಹಿಡಿದರು. ಆ ಸಾಲು ತೆಗೆ, ಉಳಿಸಿದ್ದನ್ನು ನೇರ ಅಚ್ಚಿಗೆ ಕಳಿಸು, ನೋಡಿ ನೋಡಿ ನನಗೆ ಸಾಕಾಗಿದೆ ಎಂದರು. ಅವನು ಸಾಹುಕಾರನ ಸಾಲುಗಳನ್ನೆಲ್ಲ ಹೆಕ್ಕಿ ತೆಗೆದ. ತೆಗೆದದ್ದನ್ನು ಅವ್ವ ಹೇಳಿದಂತೆ ಜೋಪಾನವಾಗಿ ಉಳಿಸಿದ. ಉಳಿಸಿದ್ದನ್ನು ಮಾಸ್ತರು ಹೇಳಿದಂತೆ ಅಚ್ಚಿಗೆ ಕಳಿಸಿದ.

ಬಿಡುಗಡೆಯ ದಿನ ಸಾಹುಕಾರರು ಮೈಕಿನ ಮುಂದೆ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು.

‘ಕಲ್ಲೀನ ಬಾಯಿ ಕಾಳುಂಡು ಹಿಟ್ಟ ಕೊಡತಾದ, ಸಾವುಕಾರನ ಬಾಯಿ ಬರಿ ನುಂಗತಾದ.’

ಪುಟ ತಿರುವಿದರು, ಅಲ್ಲೂ ಅವರೇ. ಮತ್ತೆ ತಿರುವಿದರು, ಮತ್ತೆ ಅವರೇ. ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಈ ಪುಸ್ತಕ ಒಂದೂ ಇಲ್ಲಿ ಉಳಿಯಬಾರದು ಎಂದು ಸಾಹುಕಾರರು ಗುಡುಗಿದರು.

ಮುರಿಗೆಪ್ಪ ತಲೆಯಾಡಿಸಿ ಪುಸ್ತಕಗಳ ಕಟ್ಟು ಹೊತ್ತುಕೊಂಡು ಹೊರಟ. ಸಭೆ ಚದುರುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದು ಕೈಮುಗಿದ.

“ಒಂದೂ ಉಳದಿಲ್ರಿ ಸಾವುಕಾರ್ರ. ಮನಿಗೊಂದರಂಗ ಕೊಟ್ಟ ಬಂದೇನ್ರಿ. ನಿಮ್ಮ ಮನ್ಯಾಗ ಅವ್ವಾರು ಆಗಲೇ ಹಾಡಾಕ ಹತ್ಯಾರ್ರಿ.”

ಗುರಸಿದ್ದವ್ವ ಮಗನನ್ನು ಬೈಯಲು ಬಾಯಿ ತೆರೆದಳು. ಪದ ಬಂತು.