ಬೆರಳಿಗೆ ಸಿಕ್ಕ ಹೆಸರು

“ಗುರುಗಳೇ, ನನ್ನ ಪ್ರವಚನದಲ್ಲಿ ತಪ್ಪು ಹುಡುಕಿದವರಿಲ್ಲ. ಆದರೂ ನನ್ನ ಮಾತು ಯಾರಿಗೂ ಮುಟ್ಟುವುದಿಲ್ಲ. ಏಕೆ?” ಎಂದು ಗಿರಿಮಲ್ಲನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ವಾಮದೇವನೆಂಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಂಡತಿ ಅನಸೂಯ. ದಿನವೂ ಬೆಳಿಗ್ಗೆ ಅವಳು ಪತ್ರಿಕೆಯನ್ನು ಗಟ್ಟಿಯಾಗಿ ಓದುವಳು, ಅವನು ಕೆಲಸ ಮಾಡುತ್ತ ಕೇಳುವನು. ಅರವತ್ತನೆಯ ವಯಸ್ಸಿಗೆ ಅವಳ ಕಣ್ಣು ಪೂರ್ತಿ ಹೋಯಿತು. ಅವಳು ಅದಕ್ಕೂ ಹೊಂದಿಕೊಂಡಳು. ಆದರೆ ಒಂದು ದಿನ ಹೀಗೆಂದಳು: “ಕನಸಿನಲ್ಲಿ ಅಕ್ಷರಗಳು ಬರುತ್ತವೆ ರೀ. ಓದಲು ಹೋದರೆ ನೀರಿನಲ್ಲಿ ಬಿದ್ದ ನೆರಳಿನ ಹಾಗೆ ಅಲುಗಿ ಹೋಗಿಬಿಡುತ್ತವೆ. ಇವತ್ತು ಎದ್ದು ಎಷ್ಟು ಯೋಚಿಸಿದರೂ ‘ಳ’ ಯಾವ ಕಡೆ ತಿರುಗುತ್ತದೆಂದು ನೆನಪಾಗಲಿಲ್ಲ.”

ಕಂಪ್ಯೂಟರಿನಲ್ಲಿ ಬರೆದ ಗೆರೆಯಂತೆಯೇ ಮರ ಕೊರೆಯುವ ಒಂದು ಪುಟ್ಟ ಸಿಎನ್‌ಸಿ ಯಂತ್ರವನ್ನು ವಾಮದೇವ ಹವ್ಯಾಸಕ್ಕೆಂದು ತಂದಿಟ್ಟುಕೊಂಡಿದ್ದ. ತೇಗದ ಹಲಗೆಯ ಮೇಲೆ ಅವಳ ಹೆಸರನ್ನೇ ಕೊರೆಸಿದ. ಯಂತ್ರ ಒಂದೊಂದು ಅಕ್ಷರದ ಅಂಚು ಹಿಡಿದು ಸಣ್ಣ ಗೆರೆ ಎಳೆಯಿತು. ಬಂದವರೆಲ್ಲ ಹಲಗೆಯನ್ನು ಹೊಗಳಿದರು.

ಅನಸೂಯ ಬೆರಳಾಡಿಸಿದಳು. “ಗೆರೆಗಳು ಸಿಗುತ್ತವೆ. ಅಕ್ಷರ ಸಿಗುವುದಿಲ್ಲ,” ಎಂದಳು.

“ಊರಿಗೆ ಊರೇ ಓದುತ್ತಿದೆ. ನಿನಗೆ ಹೇಗೆ ಸಿಗುವುದಿಲ್ಲ?” ಎಂದು ಅವನು ರೇಗಿದ.

“ಊರಿಗೆ ಕಣ್ಣಿದೆಯಲ್ಲ,” ಎಂದಳು ಅವಳು, ಮೆಲ್ಲಗೆ.

ಆ ಮಧ್ಯಾಹ್ನ ವಾಮದೇವ ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು ಹಲಗೆಯನ್ನು ಮುಟ್ಟಿದ. ಬೆರಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಜಾರಿತು. ತಾನೇ ಕೊರೆಸಿದ್ದು ತನಗೇ ತಿಳಿಯಲಿಲ್ಲ. ಬಹಳ ಹೊತ್ತು ಹಾಗೆಯೇ ಕತ್ತಲಲ್ಲಿ ಕೂತಿದ್ದ.

ಮಾರನೆಯ ದಿನ ಹೊಸ ಹಲಗೆ ತೆಗೆದುಕೊಂಡ. ಈ ಸಲ ಅಕ್ಷರವನ್ನು ಮುಟ್ಟದೆ ಸುತ್ತಲಿನ ಮರವನ್ನೆಲ್ಲ ತೆಗೆಯುವಂತೆ ಯಂತ್ರಕ್ಕೆ ಹೇಳಿಕೊಟ್ಟ. ಅದು ನಿಧಾನದ ಕೆಲಸ. ಒಮ್ಮೆ ಕೊರೆಯುವ ಅಲಗು ಮುರಿಯಿತು. ಇನ್ನೊಮ್ಮೆ ಅಕ್ಷರದ ದೀರ್ಘವೇ ಕಿತ್ತುಬಂತು. ‘ವ’ ಮತ್ತು ‘ಮ’ ಬೆರಳಿಗೆ ಒಂದೇ ಎನಿಸಿದವು. ‘ಮ’ದ ಕೊನೆಯ ಸುರುಳಿಯನ್ನು ದೊಡ್ಡದು ಮಾಡಿ ಮತ್ತೆ ಕೊರೆಸಿದ. ಪ್ರತಿ ಸಲವೂ ಕಣ್ಣು ಕಟ್ಟಿಕೊಂಡು ಮುಟ್ಟಿ ನೋಡಿದ. ಅನಸೂಯ ಪಕ್ಕದ ಕೋಣೆಯಲ್ಲಿ ಯಂತ್ರದ ಗುಂಯ್‌ಗುಡುವ ಸದ್ದು ಕೇಳುತ್ತಲೇ ತೂಕಡಿಸುತ್ತಿದ್ದಳು. ತಿಂಗಳು ಕಳೆಯಿತು. ಕೊನೆಗೆ ನಾಲ್ಕು ಅಕ್ಷರಗಳು ಹಲಗೆಯಿಂದ ಮೇಲೆದ್ದು ಗಟ್ಟಿಯಾಗಿ ನಿಂತವು. ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಏನೂ ಹೇಳದೆ ಅವಳ ಮಡಿಲಲ್ಲಿಟ್ಟ.

ಅವಳು ಮೊದಲ ಅಕ್ಷರವನ್ನು ಎರಡು ಸಲ ಸುತ್ತಿದಳು. “ವಾ,” ಎಂದಳು. ಬೆರಳು ಮುಂದೆ ಸರಿಯಿತು. “ಮ... ದೇ...” ಅಲ್ಲಿಗೆ ನಿಂತಳು. ಮುಖ ಕೆಂಪಾಯಿತು. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ.

“ಬಲು ಜಾಣರು ನೀವು,” ಎಂದು ನಕ್ಕಳು. ಕೊನೆಯ ಅಕ್ಷರದ ಮೇಲೆ ಅಂಗೈಯನ್ನೇ ಇಟ್ಟು, ನಿದ್ದೆಯಲ್ಲಿ ಮಾತಾಡುವವಳಂತೆ, ಪೂರ್ತಿ ಹೆಸರು ಓದಿದಳು. ವಾಮದೇವ ಓಗೊಡುವುದನ್ನೂ ಮರೆತು ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗಿರಿಮಲ್ಲ ಮುಂದಿನ ಮಾತಿಗಾಗಿ ಕಾದ.

“ನಿನ್ನೆ ನಿನ್ನ ಎದುರು ಕೂತು ಕೇಳಿದವರಲ್ಲಿ,” ಎಂದರು ಗುರುಗಳು, “ಒಬ್ಬರ ಹೆಸರು ಹೇಳು.”

ಮರುದಿನ ಗಿರಿಮಲ್ಲ ಪ್ರವಚನ ತೊಡಗುವ ಮೊದಲು ಎದುರು ಕೂತವರ ಬಳಿಗೆ ಹೋಗಿ ಒಬ್ಬೊಬ್ಬರ ಹೆಸರು ಕೇಳಿದ.