ಹುಷಾರಾಗಿ ಓಡಿಸಿ

“ಗುರುಗಳೇ, ವಾಹನ ಓಡಿಸುವವನ ಕಣ್ಣು ಎಷ್ಟು ಚೆನ್ನಾಗಿರಬೇಕು ಎಂಬ ನಿಯಮ ವೈದ್ಯನಿಗೆ ತಿಳಿಯದಿದ್ದರೆ ಅದು ದೊಡ್ಡ ತಪ್ಪೆ? ರೋಗ ತಿಳಿದಿದ್ದರೆ ಸಾಲದೆ? ನಿಯಮ ನೋಡಿಕೊಳ್ಳಲು ಸಾರಿಗೆ ಕಚೇರಿ ಇದೆಯಲ್ಲ?” ಎಂದು ಹೊಸದಾಗಿ ವೈದ್ಯನಾದ ಶಿಷ್ಯನೊಬ್ಬ ಕೇಳಿದ.

ಗುರುಗಳ ಮುಖ ಬಿಗಿದುಕೊಂಡಿತು. “ನೆಟ್ಟಗೆ ಕೂತು ಕೇಳು” ಎಂದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿಗೆ ಹಾಲಿನ ವ್ಯಾನ್ ಓಡಿಸುವ ಒಬ್ಬ ಚಾಲಕ ಬಂದ. ಚಾಲಕನ ಕಣ್ಣಿನೊಳಗೆ ಒತ್ತಡ ಏರಿತ್ತು. ಈ ರೋಗ ಕಳ್ಳನಂತೆ ಬರುತ್ತದೆ. ಎದುರಿಗಿರುವುದು ಸ್ಪಷ್ಟವಾಗಿ ಕಾಣುತ್ತದೆ; ಅಕ್ಕಪಕ್ಕದ್ದು ಮಾತ್ರ ಸದ್ದಿಲ್ಲದೆ ಅಳಿಸಿಹೋಗುತ್ತದೆ. ವೈದ್ಯ ರೋಗವನ್ನು ಸರಿಯಾಗಿಯೇ ಗುರುತಿಸಿದ. ಸರಿಯಾದ ಹನಿ ಔಷಧವನ್ನೇ ಬರೆದ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದ. ಚಾಲಕ ಕೊನೆಯ ಸಾಲಿನವರೆಗೂ ಓದಿದ.

“ಶಾಲೇಲಿ ಇಷ್ಟು ಚೆನ್ನಾಗಿ ಓದಿದ್ರೆ ನಾನೇ ನಿಮ್ಮ ಕುರ್ಚೀಲಿ ಕೂತಿರ್ತಿದ್ದೆ, ಡಾಕ್ಟ್ರೇ,” ಎಂದು ಅವನು ನಕ್ಕ. “ವ್ಯಾನ್ ಓಡಿಸಬಹುದು ತಾನೇ?”

ವೈದ್ಯನಿಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದ ನೋಟ ಎಷ್ಟು ಉಳಿದಿದ್ದರೆ ವಾಹನ ಓಡಿಸಬಹುದು ಎಂಬುದನ್ನು ಅವನು ಎಂದೂ ಓದಿರಲಿಲ್ಲ. ಆ ನೋಟವನ್ನು ಅಳೆದಿರಲೂ ಇಲ್ಲ. ಪಕ್ಕದ ಕೋಣೆಯಲ್ಲಿ ಅವನಿಗಿಂತ ಹಿರಿಯ ವೈದ್ಯೆಯೊಬ್ಬರಿದ್ದರು. ಬಾಗಿಲು ತಟ್ಟಿ ಕೇಳಬಹುದಿತ್ತು. ರೋಗಿಯ ಎದುರಿಗೆ ಎದ್ದುಹೋಗಿ ಕೇಳುವುದು ತನ್ನ ಘನತೆಗೆ ಕುಂದು ಎಂದು ಅವನಿಗೆ ಅನ್ನಿಸಿತು. ಇಂಥ ಸಂಕಟಕ್ಕೆಂದೇ ವೈದ್ಯರು ಒಂದು ಮಾತು ಮಾಡಿಟ್ಟುಕೊಂಡಿದ್ದಾರೆ. ಅವನು ಅದನ್ನೇ ಹೇಳಿದ.

“ಹುಷಾರಾಗಿ ಓಡಿಸಿ.”

ಚಾಲಕ ಕೈಮುಗಿದು ಹೊರಟ. ಹುಷಾರಾಗಿಯೇ ಓಡಿಸಿದ. ಹಿಂದಿನಿಂದ ಬಂದವರು ಹಾರ್ನ್ ಬಾರಿಸಿ ಬೈದರೂ ವೇಗ ಹೆಚ್ಚಿಸಲಿಲ್ಲ. ಒಂದು ಬೆಳಿಗ್ಗೆ, ಮಾರುಕಟ್ಟೆಯ ತಿರುವಿನಲ್ಲಿ, ಎಡಗಡೆಯಿಂದ ಒಬ್ಬ ಹೆಂಗಸು ರಸ್ತೆಗೆ ಇಳಿದಳು. ವ್ಯಾನಿನ ಚಕ್ರದಡಿ ಸತ್ತಳು.

ಜಾಮೀನಿನ ಮೇಲೆ ಹೊರಬಂದ ಚಾಲಕ ನೇರವಾಗಿ ವೈದ್ಯನ ಕೋಣೆಗೆ ನುಗ್ಗಿದ.

“ಸೈಕಲ್‌ನವರು ನನ್ನ ದಾಟಿ ಹೋಗ್ತಿದ್ರು, ಅಷ್ಟು ನಿಧಾನ ಹೋಗ್ತಿದ್ದೆ. ಒಳ್ಳೇ ಬೆಳಕಿತ್ತು. ಎಡಗಡೆಯಿಂದ ಬಂದಳಂತೆ. ನಾನು ಅವಳನ್ನ ನೋಡಲೇ ಇಲ್ಲ!”

“ಪಕ್ಕದ ನೋಟಕ್ಕೂ ನಿಯಮವಿದೆ ಅಂತ ನನಗೆ ಗೊತ್ತಿರಲಿಲ್ಲಪ್ಪ. ಹುಷಾರಾಗಿ ಅಂತ ಹೇಳಿದ್ದೆನಲ್ಲ?” ಎಂದ ವೈದ್ಯ.

“ಹುಷಾರಾಗಿ ಅಂದ್ರಿ. ಓಡಿಸಿ ಅಂತಲೂ ಅಂದ್ರಿ! ಗೊತ್ತಿಲ್ಲ ಅಂದಿದ್ರೆ ಬೇರೆಯವರನ್ನ ಕೇಳ್ತಿದ್ದೆ. ವ್ಯಾನಿನ ಬೀಗದ ಕೈ ಅಳಿಯನಿಗೆ ಕೊಟ್ಟು ಮನೇಲಿ ಕೂರ್ತಿದ್ದೆ. ಅಷ್ಟು ಹೇಳೋದಕ್ಕೆ ನಿಮ್ಮ ಗಂಟೇನು ಹೋಗ್ತಿತ್ತು?”



ಇಲ್ಲಿಗೆ ಗುರುಗಳು ನಿಲ್ಲಿಸಿದರು. ಅವರ ಸಿಟ್ಟು ಇಳಿದಿರಲಿಲ್ಲ. “ಔಷಧದ ಹೆಸರು ಮರೆತರೆ ನಿಮಗೆ ನಾಚಿಕೆಯಾಗುತ್ತದೆ. ಆ ಕಣ್ಣು ಹೊತ್ತವನು ನಿಮ್ಮ ಹೊಸ್ತಿಲು ದಾಟಿ ಏನು ಮಾಡುತ್ತಾನೆಂದು ತಿಳಿಯದಿದ್ದರೆ ನಾಚಿಕೆಯಾಗುವುದಿಲ್ಲ” ಎಂದರು.

ಶಿಷ್ಯ ತಲೆ ತಗ್ಗಿಸಿದ. “ತಿಳಿಯಿತು, ಗುರುಗಳೇ. ಇಂದೇ ಕೂತು ಆ ನಿಯಮಗಳನ್ನು ಓದುತ್ತೇನೆ.”

“ಓದುವುದು ಹಾಗಿರಲಿ, ನಿನ್ನಲ್ಲಿ ಈ ಪ್ರಶ್ನೆ ಹುಟ್ಟಿಸಿದ ರೋಗಿ ಈಗ ಯಾವ ರಸ್ತೆಯಲ್ಲಿದ್ದಾನೆ?”